ಒಂದು ಸ್ವರ ಮೇಲೆ

ಗಂಟಲಿನ ಡಾಕ್ಟರು ಹೇಳಿದ ಮಾತನ್ನು ಇಸ್ತ್ರಿಯಕ್ಕ ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಭಾನುವಾರದ ಕಾರ್ಯಕ್ರಮಕ್ಕೆಂದು ಬಸ್ ನಿಲ್ದಾಣದಿಂದ ಹಿಡಿದು ಆಸ್ಪತ್ರೆಯ ಗೋಡೆಯವರೆಗೆ ಅವಳ ಮುಖದ ಪೋಸ್ಟರು ಅಂಟಿಸಿಯಾಗಿತ್ತು. ಡಾಕ್ಟರ ಕೋಣೆಯಿಂದ ಹೊರಗೆ ಬಂದವಳಿಗೆ ಮೊದಲು ಕಂಡದ್ದೇ ಅದು. ಪೋಸ್ಟರಿನಲ್ಲಿ ಅವಳು ಕಣ್ಣು ಮುಚ್ಚಿ, ಬಾಯಿ ಅಗಲಿಸಿ, ಯಾವ ರೋಗವೂ ಇಲ್ಲದವಳ ಹಾಗೆ ಹಾಡುತ್ತಿದ್ದಳು.

ಡಾಕ್ಟರು ಕೊಳವೆ ಇಳಿಸಿ ನೋಡಿ ಹೇಳಿದ್ದು ಇಷ್ಟೇ: "ಧ್ವನಿತಂತು ಮೇಲೆ ಗಂಟು ಎದ್ದಿದೆ. ಇನ್ಮೇಲೆ ಕಿರುಚಬೇಡಿ."

"ನಾನು ಕಿರುಚೋದಿಲ್ಲ ಡಾಕ್ಟ್ರೇ. ಹಾಡ್ತೀನಿ."

"ನಿಮ್ಮ ಗಂಟಲಿಗೆ ಎರಡೂ ಒಂದೇ. ಆ ಎತ್ತರಕ್ಕೆ ಮತ್ತೆ ಹೋದ್ರೆ, ಒಂದು ದಿನ ಬಾಯಿ ತೆಗೀತೀರಿ, ಗಾಳಿ ಮಾತ್ರ ಬರುತ್ತೆ. ಆ ದಿನ ಮುಂದಿನ ವರ್ಷಾನೂ ಆಗಬಹುದು, ಈ ಭಾನುವಾರಾನೂ ಆಗಬಹುದು."

ಹೀಗೆಂದು ಅವರು ಕೈ ತೊಳೆಯಲು ಎದ್ದರು. ಅವರಿಗೇನು, ಕೈ ತೊಳೆದುಕೊಂಡರೆ ಮುಗಿಯಿತು. ಗಂಟಲು ಇವಳದಲ್ಲವೇ.

ಇಸ್ತ್ರಿಯಕ್ಕ ಎಂದರೆ ಬೇರೆ ಯಾರೂ ಅಲ್ಲ, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಯಜಮಾನಿ. ಎರಡು ಲಾಡ್ಜುಗಳ ಬೆಡ್‌ಶೀಟು, ಕಚೇರಿಗೆ ಹೋಗುವವರ ಷರ್ಟು ಪ್ಯಾಂಟು, ಬ್ಯಾಂಡಿನವರ ಕೆಂಪು ಕೋಟು, ಎಲ್ಲವೂ ಅವಳ ಮೇಜಿನ ಮೇಲೆ ಮಲಗಿ ಎದ್ದೇ ಹೋಗಬೇಕು. ಇಸ್ತ್ರಿ ಮಾಡುತ್ತಾ ಹಾಡುವುದು ಅವಳ ಅಭ್ಯಾಸ. ಷರ್ಟು ತೆಗೆದುಕೊಂಡು ಹೋಗಲು ಬಂದವರು, ಇನ್ನೂ ಆಗಿಲ್ಲ ಎಂದರೂ ಬೇಜಾರಿಲ್ಲದೆ ಬೆಂಚಿನ ಮೇಲೆ ಕೂರುತ್ತಿದ್ದರು. ಬೇಕೆಂದೇ ತಡ ಮಾಡುತ್ತಾಳೆ, ಕೇಳುವವರು ಬೇಕಲ್ಲ ಅವಳಿಗೆ, ಎಂದು ಎದುರಿನ ಚಪ್ಪಲಿ ಅಂಗಡಿಯವನು ರೇಗಿಸುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ.

ಅವಳು ಹಾಡುತ್ತಿದ್ದದ್ದೆಲ್ಲ ಒಬ್ಬರ ಹಾಡೇ. ಹಿಂದೊಂದು ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ, ಆಮೇಲೆ ಇದ್ದಕ್ಕಿದ್ದಂತೆ ಹಾಡುವುದನ್ನೇ ಬಿಟ್ಟ ಗಾಯಕಿ. ಅಭಿಮಾನಿಗಳು ಅವರನ್ನು ಬರೀ 'ಅಮ್ಮ' ಎನ್ನುತ್ತಿದ್ದರು. ಅಮ್ಮನ ಹಾಡುಗಳಲ್ಲಿ ಒಂದಕ್ಕೆ ಬಾಗಿಲಿನ ಹಾಡು ಎಂದೇ ಹೆಸರು. ಬಿಟ್ಟು ಹೋಗುತ್ತಿರುವವನನ್ನು ಬಾಗಿಲಲ್ಲಿ ನಿಂತು ಕರೆಯುವ ಹೆಂಗಸಿನ ಹಾಡು. ಮೂರನೆಯ ಚರಣದಲ್ಲಿ ಒಂದು ಕೂಗು ಬರುತ್ತದೆ. ಆ ಕೂಗಿನ ಎತ್ತರಕ್ಕೆ ಏರಬಲ್ಲವರು ಸುತ್ತಮುತ್ತಲಲ್ಲಿ ಇಸ್ತ್ರಿಯಕ್ಕ ಒಬ್ಬಳೇ. ಬೇರೆ ಹಾಡುಗಾರ್ತಿಯರು ಅಲ್ಲಿಗೆ ಬಂದರೆ ಮೈಕನ್ನು ಜನರ ಕಡೆ ತಿರುಗಿಸಿ ಜಾರಿಕೊಳ್ಳುತ್ತಿದ್ದರು. ಇವಳು ಹಾಗಲ್ಲ. ಕತ್ತಿನ ನರ ಉಬ್ಬಿದರೂ, ಕಣ್ಣಲ್ಲಿ ನೀರು ಬಂದರೂ ಮುಟ್ಟಿಯೇ ತೀರುವಳು. ಮುಟ್ಟಿದ ಮೇಲೆ ಎರಡು ದಿನ ಮಾತಿಲ್ಲ, ಬರೀ ಕೈಸನ್ನೆ. ಗಿರಾಕಿಗಳಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು.

ಅವಳ ಮೈದುನನದು ಇನ್ನೊಂದು ಹುಚ್ಚು. ಹಗಲೆಲ್ಲ ಮೊಬೈಲ್ ರಿಪೇರಿ ಮಾಡಿ, ಸಂಜೆಯಾದರೆ ಹಳೇ ಹಾಡಿಗೆ ಹೊಸ ತಾಳ ಕಟ್ಟಿ ರೀಮಿಕ್ಸ್ ಮಾಡುತ್ತಿದ್ದ. ಹಳಬರು ಕೆಲವರು ಅಂಗಡಿಯ ಮುಂದೆ ನಿಂತು, ಅಪ್ಪನ ಕೋಟು ಕತ್ತರಿಸಿ ಚಡ್ಡಿ ಹೊಲಿಸಿದ ಹಾಗಾಯ್ತು ಎಂದು ಬೈದದ್ದೂ ಉಂಟು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. "ಕೋಟು ಪೆಟ್ಟಿಗೇಲಿ ಕೊಳೆಯೋದಕ್ಕಿಂತ ಯಾರಾದ್ರೂ ಹಾಕ್ಕೊಳ್ಳಲಿ ಬಿಡಿ ಸ್ವಾಮಿ" ಎನ್ನುತ್ತಿದ್ದ. ಅತ್ತಿಗೆಯ ದನಿ, ಅವನ ಕೀಬೋರ್ಡು, ಬೀಗ ರಿಪೇರಿಯವನ ಡ್ರಮ್ಸು ಸೇರಿ ಒಂದು ತಂಡವಾಗಿತ್ತು. ಡ್ರಮ್ಸಿನವನನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು. ಮನುಷ್ಯ ಮಾತಾಡಿದರೆ ಪಕ್ಕದವನಿಗೂ ಕೇಳಿಸುವುದಿಲ್ಲ.

ಭಾನುವಾರದ ಕಾರ್ಯಕ್ರಮ ಅಮ್ಮನ ಗೌರವಕ್ಕಾಗಿ. ಅಮ್ಮನೇ ಮುಂದಿನ ಸಾಲಿನಲ್ಲಿ ಕೂತು ಕೇಳಲು ಒಪ್ಪಿದ್ದರು. ಮೈದುನನ ಲೆಕ್ಕಾಚಾರ ಹೀಗಿತ್ತು: ಬಾಗಿಲಿನ ಹಾಡು ಮೊದಲು ಅಮ್ಮನ ಹಳೆಯ ದನಿಯಲ್ಲೇ ಶುರುವಾಗಬೇಕು, ಕೆಳಗೆ ಹೊಸ ತಾಳ ಓಡಬೇಕು, ಎರಡನೆಯ ಚರಣದಲ್ಲಿ ಎರಡು ದನಿಯೂ ಬೆರೆಯಬೇಕು, ಮೂರನೆಯದರಲ್ಲಿ ಅಮ್ಮನ ದನಿ ಸರಿದು ಅತ್ತಿಗೆ ಒಬ್ಬಳೇ ಕೂಗಿಗೆ ಏರಬೇಕು. ಅದಕ್ಕೆಂದು ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬನ ಕಾಲು ಕೈ ಹಿಡಿದು ಮೂಲದ ದೊಡ್ಡ ಗ್ರಾಮಾಫೋನ್ ರೆಕಾರ್ಡು ತಂದು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ.

ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ತಾಲೀಮು. ಅಮ್ಮ ಕೋಲೂರಿಕೊಂಡು ಹೇಳದೆ ಕೇಳದೆ ಬಂದುಬಿಟ್ಟರು. ಖಾಲಿ ಕುರ್ಚಿಗಳ ನಡುವೆ ಕೂತು, "ನನ್ನ ಪಾಡಿಗೆ ನಾನಿರ್ತೀನಿ, ನೀವು ನಡೆಸಿ" ಎಂದರು. ಇಸ್ತ್ರಿಯಕ್ಕ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಎಷ್ಟು ವರ್ಷ ಯಾರ ದನಿಯ ಹಿಂದೆ ಓಡಿದ್ದಳೋ ಅವರೇ ಕಣ್ಣೆದುರು, ಸ್ವೆಟರ್ ಹಾಕಿಕೊಂಡು, ಕೆಮ್ಮುತ್ತಾ ಕೂತಿದ್ದರು.

ಮೈದುನ ಗುಂಡಿ ಒತ್ತಿದ. ಸಭಾಂಗಣದ ತುಂಬ ಅಮ್ಮನ ಹಳೆಯ ದನಿ ಎದ್ದಿತು, ತೆಳುವಾಗಿ, ಚುರುಕಾಗಿ, ಎತ್ತರದಲ್ಲಿ. ಅಮ್ಮನ ಮುಖ ಸಪ್ಪಗಾಯಿತು. ಒಂದು ಚರಣ ಮುಗಿಯುವಷ್ಟರಲ್ಲಿ ಕೋಲಿನಿಂದ ನೆಲ ಕುಟ್ಟಿದರು.

"ನಿಲ್ಸಪ್ಪಾ. ಆ ಕಂಠ ಬಿದ್ದುಹೋಗಿ ಎಷ್ಟೋ ಕಾಲ ಆಯ್ತು. ಸತ್ತವರನ್ನ ಯಾಕೆ ಎಬ್ಬಿಸ್ತೀರಿ?"

ಮೈದುನ ಗಾಬರಿಯಾದ. ಗಾಬರಿಯಾದರೆ ಅವನಿಗೆ ಬಾಯಿ ನಿಲ್ಲುವುದಿಲ್ಲ. "ಇಲ್ಲಮ್ಮಾ, ಇದರಲ್ಲಿ ನನ್ನ ಕೈವಾಡಾನೂ ಸ್ವಲ್ಪ ಇದೆ. ರೆಕಾರ್ಡು ಅತ್ತಿಗೆ ಹಾಡೋದಕ್ಕೆ ಹೊಂದ್ತಾನೇ ಇರಲಿಲ್ಲ, ಒಂದು ಸ್ವರ ಕೆಳಗಿತ್ತು. ಆ ಮುದುಕನ ಪ್ಲೇಯರು ನಿಧಾನ ಓಡ್ತಿತ್ತೋ ಏನೋ. ಅದಕ್ಕೇ ವೇಗ ಏರಿಸಿ ಅತ್ತಿಗೆ ಎತ್ತರಕ್ಕೆ ಕೂರಿಸ್ದೆ."

ನೋಡಿ ಇವನ ಬುದ್ಧಿ. ನೆರಳಿಗೆ ಸರಿಹೊಂದಲಿಲ್ಲವೆಂದು ಮನುಷ್ಯನನ್ನೇ ಎಳೆದು ಉದ್ದ ಮಾಡಿದ್ದ. ಆದರೆ ಆ ಹೊತ್ತಿಗೆ ಅಲ್ಲಿದ್ದ ಯಾರಿಗೂ ಅದು ತಪ್ಪು ಎನ್ನಿಸಲಿಲ್ಲ. ಎಲ್ಲರೂ ಕ್ಯಾಸೆಟ್ಟು ಕೇಳಿ ಬೆಳೆದವರು. ಫೋನಿನಲ್ಲಿ ಸಿಗುವುದೂ ಯಾರೋ ಕ್ಯಾಸೆಟ್ಟಿನಿಂದ ಇಂಟರ್ನೆಟ್ಟಿಗೆ ಹಾಕಿದ್ದೇ.

"ರೆಕಾರ್ಡಿನಲ್ಲಿ ಹೇಗಿತ್ತೋ ಹಾಗೇ ಹಾಕು" ಎಂದರು ಅಮ್ಮ.

ಹಾಕಿದ. ಈ ಸಲ ಬಂದದ್ದು ಬೇರೆ ಹೆಂಗಸು. ದನಿ ತುಂಬಿಕೊಂಡಿತ್ತು, ಅವಸರವಿರಲಿಲ್ಲ. ಕೂಗು ಕೂಡ ಆಕಾಶಕ್ಕೆ ಏರಲಿಲ್ಲ, ಬಾಗಿಲು ದಾಟಿ ಬೀದಿಯ ತಿರುವಿನವರೆಗೆ ಹೋಗಿ ನಿಂತಿತು. ಇಸ್ತ್ರಿಯಕ್ಕ ಕೈಯಲ್ಲಿದ್ದ ಮೈಕನ್ನು ಕೆಳಗಿಳಿಸಿದಳು. ಇದು ನಿಜವಾದರೆ ತಾನು ಇಷ್ಟು ವರ್ಷ ಯಾರನ್ನು ಮುಟ್ಟಲು ಹೋಗಿ ಗಂಟಲು ಹರಿದುಕೊಂಡೆ?

ಅಮ್ಮ ಕೋಲಿಗೆ ಕೈ ಹಾಕಿದರು. "ಯಂತ್ರದ ಮಾತು ಯಾರು ನಂಬ್ತಾರೆ? ಒಂದು ಹೀಗೆ ಅನ್ನುತ್ತೆ, ಒಂದು ಹಾಗೆ ಅನ್ನುತ್ತೆ. ನನಗಂತೂ ನೆನಪಿಲ್ಲ." ಎದ್ದು ಹೊರಟರು. ನಾಳೆ ಬರುತ್ತೀರಲ್ಲ ಎಂದು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಇಸ್ತ್ರಿಯಕ್ಕನ ಕಣ್ಣು ಆಗ ಗಂಡನ ಮೇಲೆ ಬಿತ್ತು. ಮೈಕಿನ ಸ್ಟ್ಯಾಂಡು ತಂದುಕೊಟ್ಟು ಗೋಡೆಗೆ ಒರಗಿ ನಿಂತಿದ್ದವನ ಮುಖ ಬಿಳಿಚಿಕೊಂಡಿತ್ತು. ಅವನು ಆಗಷ್ಟೇ ಬಂದ ಚಹಾವನ್ನೂ ಮುಟ್ಟದೆ, ಯಾರಿಗೂ ಹೇಳದೆ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟ. ಚಹಾ ಬಿಟ್ಟು ಹೋಗುವ ಗಂಡಸಲ್ಲ ಅವನು.

ಇಲ್ಲೊಂದು ಮಾತು ಹೇಳಲೇಬೇಕು. ಈಗಿನ ಇಸ್ತ್ರಿ ಅಂಗಡಿ ಒಂದಾನೊಂದು ಕಾಲದಲ್ಲಿ ಅವನ ಕ್ಯಾಸೆಟ್ ಅಂಗಡಿಯಾಗಿತ್ತು. ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು ಅವನ ವೃತ್ತಿ. ಇವಳು ಅಲ್ಲಿಗೆ ಗಿರಾಕಿಯಾಗಿ ಬಂದವಳು. ಅಮ್ಮನ ಹಾಡುಗಳನ್ನು ತುಂಬಿ, ದುಡ್ಡು ಬೇಡ ಎಂದು ಅವನು ಕೈಗಿಟ್ಟ ಕ್ಯಾಸೆಟ್ಟಿನಿಂದಲೇ ಸಂಸಾರ ಶುರುವಾದದ್ದು. ಅದನ್ನೇ ಸವೆಯುವ ತನಕ ಹಾಕಿ ಹಾಕಿ ಅವಳು ಹಾಡು ಕಲಿತದ್ದು.

ಮಧ್ಯಾಹ್ನ ಅವಳು ಅಂಗಡಿಗೆ ಬಂದಾಗ ಅವನು ಬಟ್ಟೆಯ ಗಂಟು ಬಿಚ್ಚದೆ ಅದರ ಮೇಲೇ ಕೂತಿದ್ದ. ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಲಿಲ್ಲ.

"ರೀ, ಏನದು? ಮುಚ್ಚುಮರೆ ಬೇಡ, ಹೇಳಿಬಿಡಿ."

"ಏನಿಲ್ವೇ."

"ಏನಿಲ್ಲದೆ ಚಹಾ ಬಿಟ್ಟು ಬಂದ್ರಾ?"

ಅವನು ಅಂಗೈ ನೋಡಿಕೊಂಡ. "ಹಾಡಿಸೋ ಮೆಷಿನ್ನಿನ ಹಿಂದೆ ಒಂದು ಸ್ಕ್ರೂ ಇರ್ತಿತ್ತು. ಮೋಟಾರಿನದು. ಸ್ವಲ್ಪ ತಿರುಗಿಸಿದ್ರೆ ಜೋರಾಗಿ ಓಡೋದು. ಜೋರಾಗಿ ಓಡಿಸಿ ತುಂಬಿದ್ರೆ ಒಂದು ಕಡೆಗೆ ಒಂದು ಹಾಡು ಜಾಸ್ತಿ ಹಿಡಿಸೋದು. ಪಕ್ಕದ ಬೀದಿಯವನು ಹಾಗೆ ಶುರು ಮಾಡ್ದ. ಜನ ಎಲ್ಲಾ ಅಲ್ಲಿಗೇ ಹೋದ್ರು, ಅವನ ಕ್ಯಾಸೆಟ್ಟಲ್ಲಿ ಹಾಡು ಜಾಸ್ತಿ ಅಂತ. ಆಮೇಲೆ ಎಲ್ಲರೂ ತಿರುಗಿಸಿದ್ವಿ. ನಾನೂ ತಿರುಗಿಸ್ದೆ."

"ನನಗೆ ಕೊಟ್ಟಿದ್ದಕ್ಕೂ?"

"ನಿನಗೆ ಕೊಟ್ಟಿದ್ದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ತಿರುಗಿಸಿದ್ದೆ ಕಣೇ. ಎರಡು ಹಾಡು ಹೆಚ್ಚಿಗೆ ಇರಲಿ ಅಂತ."

ಪ್ರೀತಿಯಿಂದ ಮಾಡಿದ ಎಡವಟ್ಟಿಗೆ ಬೈಯುವುದು ಹೇಗೆಂದು ಯಾವ ಹೆಂಡತಿಗೂ ಯಾರೂ ಕಲಿಸಿಲ್ಲ. ಇಸ್ತ್ರಿಯಕ್ಕನಿಗೆ ನಗುವೂ ಬಂತು, ಹೊಟ್ಟೆಯಲ್ಲಿ ಬೆಂಕಿಯೂ ಎದ್ದಿತು. ಬೆಂಕಿಯೇ ಗೆದ್ದಿತು.

"ನಿಮ್ಮ ಸ್ಕ್ರೂ ಈಗ ಎಲ್ಲಿದೆ ಗೊತ್ತೇನ್ರೀ? ನನ್ನ ಗಂಟಲಲ್ಲಿದೆ" ಎಂದವಳು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿಬಿಟ್ಟಳು. ಅವನು ಕೇಳುತ್ತಾ ಕೇಳುತ್ತಾ ಕುಗ್ಗಿಹೋದ. ಕೊನೆಗೆ, "ಹಾಡಬೇಡ ನಾಳೆ. ಯಾರು ಏನಾದ್ರೂ ಅಂದ್ಕೊಳ್ಳಲಿ" ಎಂದ.

ಅಷ್ಟರಲ್ಲಿ ಬಂದಿದ್ದ ಮೈದುನ ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖವೂ ಇಳಿದಿತ್ತು. ಆದರೂ ತಡೆಯದೆ, "ಅತ್ತಿಗೆ, ಇದೊಂದು ಸಲ... ಜನ ಬರ್ತಿರೋದೇ ಆ ಕೂಗಿಗೆ. ಕೆಳಗೆ ಹಾಡಿದ್ರೆ ಇಸ್ತ್ರಿಯಕ್ಕನಿಗೆ ಕೈಲಾಗ್ಲಿಲ್ಲ ಅಂತಾರೆ. ಆಮೇಲೆ ನಮ್ಮನ್ನ ಯಾರು ಕರೀತಾರೆ?" ಎಂದ.

ಅಣ್ಣ ತಿರುಗಿ ಒಂದು ನೋಟ ನೋಡಿದ. ಮೈದುನ ಬಾಯಿ ಮುಚ್ಚಿದ. ಆದರೆ ಅವನು ಹೇಳಿದ್ದು ಸುಳ್ಳಲ್ಲವೆಂದು ಮೂವರಿಗೂ ಗೊತ್ತಿತ್ತು. ಬಿಸಿತುಪ್ಪದ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ. ಏರಿದರೆ ದನಿ ಹೋಗುತ್ತದೆ. ಇಳಿದರೆ ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಹೋಗುತ್ತದೆ.

ಭಾನುವಾರ ಅಮ್ಮ ಬಂದರು. ಮುಂದಿನ ಸಾಲಿಗೆ ಹೋಗದೆ ನೆಟ್ಟಗೆ ವೇದಿಕೆಯ ಹಿಂದಿನ ಕೋಣೆಗೆ ಬಂದು, ಮಡಚುವ ಕುರ್ಚಿಯ ಮೇಲೆ ಕೂತರು. ಪರದೆಯಾಚೆ ಜನ ತುಂಬುತ್ತಿದ್ದ ಗದ್ದಲ. ಗುಡುಗು ಅವರಿಗೆ ನೀರು ತಂದುಕೊಟ್ಟು ಏನೋ ಹೇಳಿದ, ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಇಸ್ತ್ರಿಯಕ್ಕನ ಗಂಡ ಅವರೆದುರು ಬಂದು ನಿಂತ. ಇಸ್ತ್ರಿ ಮಾಡಿದ ಷರ್ಟು ಆಗಲೇ ಬೆವರಿಗೆ ಒದ್ದೆಯಾಗಿತ್ತು. ಸ್ಕ್ರೂವಿನ ಕತೆಯನ್ನು ತೊದಲುತ್ತಾ, ಒಂದನ್ನೂ ಬಿಡದೆ ಹೇಳಿದ. "ತಪ್ಪಾಯ್ತಮ್ಮಾ" ಎಂದು ಕೈ ಮುಗಿದ.

ಅಮ್ಮ ಅವನನ್ನು ನೋಡಲಿಲ್ಲ, ಇಸ್ತ್ರಿಯಕ್ಕನನ್ನು ನೋಡಿದರು. "ನಾನು ಯಾಕೆ ಹಾಡೋದು ಬಿಟ್ಟೆ ಗೊತ್ತೇನಮ್ಮಾ ನಿನಗೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕ್ಯಾಸೆಟ್ಟು ಬಂದ ಮೇಲೆ ಈ ಹಾಡು ಮನೆಮನೆಗೂ ಹೋಯ್ತು. ಎಲ್ಲಿ ಹೋದ್ರೂ ಇದೇ ಬೇಕು ಅನ್ನೋರು. ಹಾಡಿದ್ರೆ ಮುಖ ಮುಖ ನೋಡ್ಕೊಳ್ಳೋರು. ಕ್ಯಾಸೆಟ್ಟಲ್ಲಿದ್ದ ಕಂಠ ಇದಲ್ಲ, ಬಿದ್ದುಹೋಗಿದೆ ಅನ್ನೋರು. ಎದ್ದು ಹೋಗೋರು. ನಾನೂ ಒಂದು ಕ್ಯಾಸೆಟ್ಟು ತರಿಸಿ ಕೇಳ್ದೆ. ಹೌದಲ್ಲ, ಎಷ್ಟು ಮೇಲೆ ಹಾಡ್ತಿದ್ದೆ ಅನ್ನಿಸ್ತು. ಬಾಗಿಲು ಹಾಕ್ಕೊಂಡು ಕಿರುಚಿ ಕಿರುಚಿ ಪ್ರಯತ್ನ ಮಾಡ್ದೆ. ಬರಲಿಲ್ಲ. ಬಿಟ್ಟುಬಿಟ್ಟೆ."

ಗಂಡ ಗೋಡೆ ಹಿಡಿದುಕೊಂಡ.

"ಈಗ ಇವರು ಬಂದು, ಅದು ಸ್ಕ್ರೂ ತಿರುಗಿಸಿದ್ದು ಅಂತಾರೆ. ಮುದುಕಿಗೆ ಸಮಾಧಾನ ಹೇಳೋಕೆ ಒಳ್ಳೇ ಕತೆ. ಇರಬಹುದು, ಇಲ್ಲದೇನೂ ಇರಬಹುದು. ನಿನ್ನೆ ರಾತ್ರಿಯೆಲ್ಲಾ ಹುಡುಕಿದೆ, ಆ ಹಾಡು ನನ್ನ ಬಾಯಿಂದ ಹೇಗೆ ಬರ್ತಿತ್ತು ಅಂತ. ತಲೆಯಲ್ಲಿ ಬರೀ ಕ್ಯಾಸೆಟ್ಟೇ ಓಡುತ್ತೆ." ಕೋಲೂರಿ ಎದ್ದರು. "ನೀನು ಮೇಲೇ ಹಾಡು ತಾಯಿ. ನಿನಗೆ ಬರುತ್ತಲ್ಲ. ಕೆಳಗೆ ಹಾಡಿದ್ರೆ ಏನಾಗುತ್ತೆ ಅಂತ ನಾನು ನೋಡಿದೀನಿ."

ಅವರು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ತನ್ನ ಗಂಟಲಿನ ಗಂಟಿನ ಸುದ್ದಿಯನ್ನು ಇಸ್ತ್ರಿಯಕ್ಕ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅದೂ ಒಂದು ಕತೆಯೆನ್ನಿಸುತ್ತಿತ್ತೇನೋ.

ಹಾಡುಗಳು ಒಂದೊಂದಾಗಿ ಮುಗಿದವು. ಜನ ಚಪ್ಪಾಳೆ ತಟ್ಟುತ್ತಿದ್ದರು, ಆದರೆ ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದದ್ದು ಕೊನೆಯದಕ್ಕೆ. ಹಿಂದಿನ ಸಾಲಿನಿಂದ ಆಗಲೇ "ಬಾಗಿಲು, ಬಾಗಿಲು" ಎಂಬ ಕೂಗು ಶುರುವಾಗಿತ್ತು. ಕೆಲವರು ಫೋನು ಎತ್ತಿ ಹಿಡಿದರು.

ಇಸ್ತ್ರಿಯಕ್ಕ ಮೈಕನ್ನು ಅಂಗೈಯಿಂದ ಮುಚ್ಚಿ ಮೈದುನನ ಕಡೆ ಬಾಗಿದಳು. "ಒಂದು ಸ್ವರ ಇಳಿಸು. ರೆಕಾರ್ಡು ಹೇಗಿದೆಯೋ ಹಾಗೇ ಬಿಡು."

"ಅತ್ತಿಗೆ, ಬೇಡ..."

"ಇಳಿಸು ಅಂದೆ."

ಅವನು ಕಂಪ್ಯೂಟರಿನ ಮೇಲೆ ಕೈಯಿಟ್ಟು ಅಣ್ಣನ ಕಡೆ ನೋಡಿದ. ಅಣ್ಣ ಸಭೆಯ ಕೊನೆಯಲ್ಲಿ ದನಿ ಹೊಂದಿಸುವ ಮಿಕ್ಸರಿನ ಮುಂದೆ ಕೂತು ಇತ್ತಲೇ ನೋಡುತ್ತಿದ್ದ. ಮೈದುನ ಇಳಿಸಿದ. ಗುಡುಗು ಮಾತಿಲ್ಲದೆ ತಾಳವನ್ನು ನಿಧಾನ ಮಾಡಿಕೊಂಡ.

ಅಮ್ಮನ ಹಳೆಯ ದನಿ ತನ್ನ ಎತ್ತರದಲ್ಲೇ, ತನ್ನ ನಡಿಗೆಯಲ್ಲೇ ಎದ್ದಿತು. ಜನರಿಗೆ ಏನೋ ಸರಿಯಿಲ್ಲ ಎನ್ನಿಸಿ ಒಬ್ಬರನ್ನೊಬ್ಬರು ನೋಡಿದರು. ಮೆಷಿನ್ ಕೆಟ್ಟಿದೆ ಎಂದು ಯಾರೋ ನಕ್ಕರು. ಎರಡನೆಯ ಚರಣದಲ್ಲಿ ಇಸ್ತ್ರಿಯಕ್ಕನ ದನಿ ಸೇರಿತು. ಅವಳಿಗೆ ಆ ಜಾಗ ಹೊಸದು, ಬಾಡಿಗೆಗೆ ಬಂದವಳ ಹಾಗೆ ಗೋಡೆ ತಡವಿಕೊಂಡು ನಡೆದಳು. "ಮೇಲೆ, ಮೇಲೆ" ಎಂದು ಹಿಂದಿನಿಂದ ಒಬ್ಬ ಅರಚಿದ. ಕುರ್ಚಿಗಳು ಕಿರ್ರೆಂದವು. ಬಾಗಿಲ ಹತ್ತಿರ ಕೂತಿದ್ದ ಒಂದು ಸಾಲು ಎದ್ದು ಹೊರಟೇಬಿಟ್ಟಿತು. ಈಗಲೂ ಏರಬಹುದು, ಒಂದು ಎಳೆತ ಸಾಕು, ಎಲ್ಲರೂ ವಾಪಸು ಬಂದು ಕೂರುತ್ತಾರೆ ಎಂದು ಅವಳ ಗಂಟಲು ತುದಿಗಾಲಲ್ಲಿ ನಿಂತಿತ್ತು.

ಮೂರನೆಯ ಚರಣ ಬಂತು. ರೆಕಾರ್ಡಿನ ದನಿ ಸರಿಯಿತು. ಅವಳು ಒಬ್ಬಳೇ ಉಳಿದಳು.

ಅವಳು ಏರಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸು ಹೇಗೆ ಕರೆದಾಳೋ ಹಾಗೆ ಕರೆದಳು. ಇಷ್ಟು ವರ್ಷ ಆ ಕೂಗು ಒಂದು ಪಂದ್ಯವಾಗಿತ್ತು. ಇವತ್ತು ಅದರಲ್ಲಿ ಒಬ್ಬ ಮನುಷ್ಯ ನಿಜವಾಗಿಯೂ ದೂರ ಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ಕೂಗಿನ ನಡುವೆ, ಕೊನೆಯ ಪದಕ್ಕೆ ಮೊದಲು, ಅವಳ ಉಸಿರು ತಟ್ಟನೆ ಮುಗಿದುಹೋಯಿತು. ಕ್ಯಾಸೆಟ್ಟಿನ ವೇಗದಲ್ಲಿ ಅಲ್ಲಿ ಉಸಿರು ಬೇಕಾಗಿಯೇ ಇರಲಿಲ್ಲ, ಒಂದೇ ದಮ್ಮಿಗೆ ದಾಟಿಬಿಡುತ್ತಿದ್ದಳು. ಈ ನಿಧಾನದಲ್ಲಿ ಬೇರೆ ದಾರಿಯಿಲ್ಲ. ನಿಂತು, ಎಲ್ಲರಿಗೂ ಕೇಳುವಂತೆ ಒಂದು ಉಸಿರು ಎಳೆದುಕೊಂಡಳು.

ಮುಂದಿನ ಸಾಲಿನಲ್ಲಿ, ಅದೇ ಕ್ಷಣಕ್ಕೆ, ಅಮ್ಮನ ಭುಜ ಎದ್ದಿತು. ಅವಳಿಗಿಂತ ಕೂದಲೆಳೆಯಷ್ಟು ಮೊದಲೇ ಎದ್ದಿತು. ಇಸ್ತ್ರಿಯಕ್ಕ ಅದನ್ನು ಕಣ್ಣಾರೆ ಕಂಡಳು. ಅಮ್ಮನ ಒಂದು ಕೈ ಎದೆಗೆ ಹೋಯಿತು, ತನ್ನ ಮೈಯೊಳಗೆ ಯಾರೋ ಓಡಾಡಿದ್ದನ್ನು ಹಿಡಿಯಲು ಹೋದ ಹಾಗೆ. ಕಿವಿ ಮರೆತದ್ದನ್ನು ಉಸಿರು ಮರೆತಿರಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಂತಿತು. ಜನ ಬ್ಯಾಗು, ಕೊಡೆ ಹುಡುಕಿಕೊಳ್ಳತೊಡಗಿದರು. ಮೈದುನ ತಲೆ ತಗ್ಗಿಸಿ ವಯರು ಕೀಳುತ್ತಿದ್ದ. ಕಾರ್ಯಕ್ರಮ ನಡೆಸಿಕೊಡುತ್ತಿದ್ದವನು, ಗದ್ದಲದ ನಡುವೆಯೇ, ಈಗ ಅಮ್ಮ ಎರಡು ಮಾತಾಡುತ್ತಾರೆ ಎಂದು ಮೈಕು ತಂದು ಅವರ ಮುಂದೆ ಹಿಡಿದ.

ಅಮ್ಮ ಎದ್ದು ನಿಂತರು. ಸಭೆಯ ಕಡೆ ತಿರುಗಲಿಲ್ಲ. ವೇದಿಕೆಯ ಮೇಲಿದ್ದ ಇಸ್ತ್ರಿಯಕ್ಕನನ್ನೇ ನೋಡುತ್ತಾ, ಮೈಕನ್ನು ಕೈಗೆ ತೆಗೆದುಕೊಂಡರು.

"ನನ್ನ ಕಂಠ ಬಿದ್ದಿರಲಿಲ್ಲ" ಎಂದರು.